ನೆಲಗಂಟೆಗೆ ಒಂದು ಹಿಡಿ

"ಇದು ಎಷ್ಟೆತ್ತರ ಬೆಳೆಯುತ್ತೆ?"

ನನ್ನ ನರ್ಸರಿಗೆ ಬಂದವರು ನೆಲಗಂಟೆಯ ಕುಂಡದ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ ಇದೇ. ಕಣಕಾಲಿನವರೆಗೆ ಅನ್ನುತ್ತೇನೆ. ಎಷ್ಟು ದಿನಕ್ಕೆ ಅನ್ನುತ್ತಾರೆ. ಹತ್ತು ವರ್ಷಕ್ಕೆ ಅನ್ನುತ್ತೇನೆ. ಅಲ್ಲಿಗೆ ಅವರಿಗೆ ನನ್ನ ಮೇಲಿದ್ದ ಗೌರವ ಮುಗಿಯಿತು. ಅರ್ಧ ಜನ ಪಕ್ಕದ ಗುಲಾಬಿಯ ಕಡೆ ತಿರುಗುತ್ತಾರೆ. ಉಳಿದರ್ಧ ಜನ, ಈ ಹೆಂಗಸು ಇಷ್ಟು ಹೇಳ್ತಿದ್ದಾಳಲ್ಲ ಎಂದು ಒಂದು ಕುಂಡ ಒಯ್ಯುತ್ತಾರೆ. ಆ ಉಳಿದರ್ಧ ಜನರಿಂದಲೇ ನನಗೆ ಹೆಚ್ಚು ತಲೆನೋವು.

ಒಯ್ಯುವವರಿಗೆ ಬಾಯಿ ಒಣಗುವಷ್ಟು ಹೇಳಿ ಕಳಿಸುತ್ತೇನೆ. ಇದು ಮರಗಳೂ ನಿಲ್ಲಲಾರದ ಬೆಟ್ಟದ ನೆತ್ತಿಯಲ್ಲಿ, ಗಾಳಿಗೆ ಬೆನ್ನು ಕೊಟ್ಟು ನೆಲಕ್ಕೆ ಅಂಟಿಕೊಂಡು ಬೆಳೆಯುವ ಪೊದೆ. ಇದಕ್ಕೆ ಗೊಬ್ಬರ ವಿಷ. ಕೊಳವೆಬಾವಿಯ ಗಡುಸು ನೀರು ವಿಷ. ಮಳೆನೀರು ಹಿಡಿದಿಟ್ಟು ಹಾಕಿ. ಕತ್ತರಿ ಹಿಡಿದು ಚಂದ ಮಾಡಲು ಹೋಗಬೇಡಿ, ಹಳೆಯ ಕಡ್ಡಿ ಮತ್ತೆ ಚಿಗುರುವುದಿಲ್ಲ. ಮೆಟ್ಟಿಲ ಅಂಚಿಗೆ, ಕಲ್ಲುಗಳ ಸಂದಿಗೆ, ಬೇರೇನೂ ನಿಲ್ಲದ ಇಳಿಜಾರಿಗೆ ನೆಟ್ಟು ಸುಮ್ಮನೆ ಬಿಟ್ಟುಬಿಡಿ. ಬೇಸಿಗೆಗೆ ಮುಂಚೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಬಿಳಿ ಗಂಟೆಗಳು ಸಾಲಾಗಿ ತೂಗುತ್ತವೆ, ಕೆಳಗಿನ ಮಣ್ಣು ಎಂಥ ಮಳೆಗೂ ಜಾರುವುದಿಲ್ಲ. ಮುಖ್ಯ ವಿಷಯ, ಒಮ್ಮೆ ಕೂತ ಗಿಡವನ್ನು ಎಬ್ಬಿಸಬಾರದು. ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಮೂರು ತಿಂಗಳಿಗೆ ಕರಿಕಡ್ಡಿಯಾದ ಗಿಡವನ್ನು ಚೀಲದಲ್ಲಿ ಹಾಕಿಕೊಂಡು ವಾಪಸು ಬರುತ್ತಾರೆ.

"ಏನು ಹಾಕಿದ್ರಿ?"

"ಏನೂ ಹಾಕಿಲ್ಲ."

"ಏನೇನೂ?"

"ಸ್ವಲ್ಪ ಗೊಬ್ಬರ ಅಷ್ಟೆ. ಪಾಪ, ಬಡಕಲಾಗಿತ್ತು."

ಈ ಪಾಪ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಈ ಗಿಡಕ್ಕೆ ಜಗತ್ತಿನಲ್ಲಿ ಶತ್ರುಗಳೇ ಇಲ್ಲ, ಇರುವವರೆಲ್ಲ ಹಿತೈಷಿಗಳು. ಅವರೆಲ್ಲರಿಗಿಂತ ದೊಡ್ಡ ಹಿತೈಷಿ ನನ್ನ ಮನೆಯಲ್ಲೇ ಇದ್ದಾರೆಂದು ನನಗೆ ಗೊತ್ತಾದದ್ದು ಹೋದ ವರ್ಷ.

ನಮ್ಮ ಮನೆ ಉದ್ದಕ್ಕಿದೆ. ರಸ್ತೆಯ ಕಡೆ ಬೇಕರಿ, ಅದು ನನ್ನ ಗಂಡನದು. ಹಿತ್ತಲ ಕಡೆ ನರ್ಸರಿ, ಅದು ನನ್ನದು. ನಡುವೆ ಅಡುಗೆಮನೆ, ಅದು ಎಂಬತ್ತು ದಾಟಿದ ನನ್ನ ಅತ್ತೆಯ ರಾಜ್ಯ. ಆ ರಾಜ್ಯದ ಖಜಾನೆ ಒಂದು ಪಿಂಗಾಣಿ ಜಾಡಿ. ಅದರಲ್ಲಿ ಬ್ರೆಡ್ಡನ್ನು ಉಬ್ಬಿಸುವ ಹುಳಿಹಿಟ್ಟು ಇರುತ್ತದೆ, ಅತ್ತೆಯ ಅತ್ತೆಯ ಕಾಲದ್ದು. ದಿನಾ ಬೆಳಗ್ಗೆ ಅರ್ಧ ತೆಗೆದು ಬೇಕರಿಗೆ ಕೊಡುತ್ತಾರೆ, ಉಳಿದರ್ಧಕ್ಕೆ ಹೊಸ ಹಿಟ್ಟು, ನೀರು ಕೊಟ್ಟು ಬಟ್ಟೆ ಮುಚ್ಚುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಆ ಜಾಡಿಯ ವಾಸನೆ ತಾಳಲಾರದೆ, ತೊಳೆದಿಡೋಣ ಎಂದು ಬಿಸಿನೀರು ಹಿಡಿದು ಹೋಗಿದ್ದೆ. ಅತ್ತೆ ಕಿರುಚಿದ ಕಿರುಚಿಗೆ ಬೇಕರಿಯಲ್ಲಿದ್ದ ಗಿರಾಕಿಗಳು ಒಳಗೆ ಓಡಿ ಬಂದಿದ್ದರು. ಯಾಕೆ ತೊಳೆಯಬಾರದು ಎಂದು ಮಾತ್ರ ಯಾರೂ ಹೇಳಲಿಲ್ಲ. ಹಿಟ್ಟಿನಲ್ಲಿ ಜೀವವಿದೆ, ಬಿಸಿನೀರು ಬಿದ್ದರೆ ಸಾಯುತ್ತದೆ ಎಂದು ನನಗೆ ತಿಳಿಯಲು ವರ್ಷವೇ ಹಿಡಿಯಿತು. ನಮ್ಮ ಮನೆಯ ಪದ್ಧತಿಯೇ ಹಾಗೆ, ಮೊದಲು ಕಿರುಚುವುದು, ಹೇಳುವುದನ್ನು ಯಾವಾಗಲಾದರೂ ಹೇಳಿದರಾಯಿತು.

ನನ್ನ ಖಜಾನೆ ಇರುವುದು ಹಿತ್ತಲಿನಲ್ಲಿ. ತವರಿನಿಂದ ತಂದ ಒಂದು ಹಳೆಯ ಕಲ್ಲಿನ ತೊಟ್ಟಿ, ಅದರ ತುಂಬ ಹರಡಿಕೊಂಡ ಒಂದೇ ಒಂದು ನೆಲಗಂಟೆ. ನನ್ನ ಅಪ್ಪ ಬೆಟ್ಟದ ನೆತ್ತಿಯ ಹವಾಮಾನ ಠಾಣೆಯಲ್ಲಿ ಮಳೆ ಅಳೆಯುವ ಕೆಲಸದಲ್ಲಿದ್ದರು. ನೆತ್ತಿಗೆ ರಸ್ತೆ ಮಾಡುತ್ತೇವೆಂದು ಯಂತ್ರಗಳು ಬಂದ ದಿನ ಅಪ್ಪ ಒಂದು ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಬಕೆಟ್ಟಿನಲ್ಲಿ ಹೊತ್ತು ಇಳಿದು ಬಂದರು. ನಾನಾಗ ಹತ್ತು ವರ್ಷದವಳು. ಅದಾಗಿ ನಲವತ್ತು ವರ್ಷ. ಮೇಲೆ ಈಗ ವಾಹನ ನಿಲ್ಲಿಸುವ ಜಾಗವಿದೆ, ಕೈಹಿಡಿ ಕಂಬಿಗಳಿವೆ, ಫೋಟೋ ತೆಗೆಸಿಕೊಳ್ಳುವ ಕಟ್ಟೆ ಇದೆ. ನೆಲಗಂಟೆ ಒಂದೂ ಇಲ್ಲ. ನಾನು ಮಾರುವ ಗಿಡಗಳೆಲ್ಲ ಅಪ್ಪನ ತೊಟ್ಟಿಯ ತಾಯಿಗಿಡದ ಕಡ್ಡಿಗಳೇ.

ಕಡ್ಡಿ ನೆಡುವ ಕ್ರಮ ಅಪ್ಪ ಕಲಿಸಿದ್ದು. ಕಡ್ಡಿಗೆ ಬೇರು ಬಂದ ಮೇಲೆ ಕುಂಡಕ್ಕೆ ಇಳಿಸುವಾಗ, ತಾಯಿಯ ಬುಡದ ಹಳೇ ಮಣ್ಣು ಒಂದು ಹಿಡಿ ಹಾಕಬೇಕು. ಆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಅಣಬೆಯ ಎಳೆಗಳಿರುತ್ತವೆ. ನೆಲಗಂಟೆಯ ಬೇರು ಕೂದಲಿಗಿಂತ ತೆಳು, ಅದಕ್ಕೆ ತಾನಾಗಿ ಉಣ್ಣಲು ಬರುವುದಿಲ್ಲ, ಈ ಎಳೆಗಳೇ ಉಣಿಸಬೇಕು. ಇಷ್ಟನ್ನು ನಾನು ಪುಸ್ತಕಗಳಿಂದ ತಿಳಿದುಕೊಂಡೆ. ಅಪ್ಪ ಹೇಳಿದ್ದು "ಒಂದು ಹಿಡಿ ಹಾಕು" ಎಂದಷ್ಟೇ. ಹಾಗಾಗಿ ಪ್ರತಿ ವರ್ಷ ಚಳಿ ಶುರುವಾಗುವಾಗ ತೊಟ್ಟಿಯ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಮಣ್ಣು ಕೆರೆದು, ಒಂದು ದೊಡ್ಡ ತಗಡಿನ ಡಬ್ಬಿಯಲ್ಲಿ ತೇವ ಆರದಂತೆ ಇಟ್ಟುಕೊಳ್ಳುತ್ತೇನೆ.

ಹೋದ ವರ್ಷ ಆ ಡಬ್ಬಿಯಲ್ಲಿ ಮೂರು ವರ್ಷದ ಮಣ್ಣು ತುಂಬಿತ್ತು. ಅದಷ್ಟೂ ಒಂದೇ ಸಲಕ್ಕೆ ಬೇಕಾಗಿ ಬಂದದ್ದಕ್ಕೆ ಕಾರಣ ರಸ್ತೆ ಇಲಾಖೆಯ ಒಬ್ಬ ಇಂಜಿನಿಯರ್. ಸದಾ ಅಳತೆಪಟ್ಟಿ ಹಿಡಿದೇ ಓಡಾಡುವುದರಿಂದ ಅವರಿಗೆ ಅತ್ತೆ ಟೇಪಣ್ಣ ಎಂದು ಹೆಸರಿಟ್ಟಿದ್ದರು. ನೆತ್ತಿಯ ರಸ್ತೆಯ ಪಕ್ಕದ ಇಳಿಜಾರು ಪ್ರತಿ ಮಳೆಗೂ ಜಾರುತ್ತಿತ್ತು. ಸಿಮೆಂಟು ಹಾಕಿದರು, ಅದೂ ಜಾರಿತು. ಚಾಪೆ ಹುಲ್ಲು ಹಾಸಿದರು, ಅದೂ ಸುರುಳಿ ಸುತ್ತಿಕೊಂಡು ಇಳಿಯಿತು. ಕೊನೆಗೆ ಯಾರೋ ಪುಣ್ಯಾತ್ಮರು, ಮೊದಲು ಅಲ್ಲಿ ಏನಿತ್ತೋ ಅದನ್ನೇ ಹಾಕಿ ನೋಡಿ ಎಂದರಂತೆ. ಟೇಪಣ್ಣ ನನ್ನ ಬಾಗಿಲಿಗೆ ಬಂದರು.

"ಇನ್ನೂರು ಗಿಡ ಬೇಕು ಮೇಡಂ. ಬರೋ ವರ್ಷದ ಚಳಿ ಶುರುವಾಗೋಕೆ ಮುಂಚೆ ನೆಡಬೇಕು. ಹಸಿರಾಗಿರಬೇಕು. ಬಾಡಿದ್ದು ತಗೊಂಡ್ರೆ ನಮ್ಮ ಸಾಹೇಬರು ಒಪ್ಪಲ್ಲ, ಮತ್ತೆ ಚಾಪೆ ಹುಲ್ಲೇ ಹಾಕ್ಬಿಡ್ತಾರೆ."

ಅಪ್ಪನ ಗಿಡ ಅಪ್ಪನ ಬೆಟ್ಟಕ್ಕೆ ವಾಪಸು ಹೋಗುತ್ತದೆ. ಆ ದಿನ ನಾನು ತೊಟ್ಟಿಯ ಪಕ್ಕ ಕೂತು ಒಬ್ಬಳೇ ಕಣ್ಣೀರು ಹಾಕಿದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನನಗೆ ಬೇರೇನೂ ಬೇಕಿರಲಿಲ್ಲ. ಇನ್ನೂರನಲವತ್ತರ ಮೇಲೆ ಒಂದೆರಡು ಹೆಚ್ಚೇ ಕಡ್ಡಿ ಹಾಕಿದೆ. ಆ ವರ್ಷ ಅಂಗಡಿಗೆಂದು ಒಂದನ್ನೂ ತೆಗೆದಿಡಲಿಲ್ಲ, ಎಲ್ಲ ಬೆಟ್ಟಕ್ಕೇ. ಚಳಿಗಾಲವಿಡೀ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಒಂದೂ ಸಾಯದೆ ಎಲ್ಲಕ್ಕೂ ಬೇರು ಬಂತು. ಇನ್ನು ಕುಂಡಕ್ಕೆ ಇಳಿಸಬೇಕು ಅನ್ನುವ ವಾರ, ಬೇಕರಿಯ ಬಾಗಿಲಲ್ಲಿ ನನ್ನ ಗಂಡ ಚೆಲ್ಲಿದ ಎಣ್ಣೆಯ ಮೇಲೆ ಕಾಲಿಟ್ಟು ಬಿದ್ದು ಬಲಗೈ ಮುರಿದುಕೊಂಡೆ.

"ನೀನು ಕೂತ್ಕೊಂಡು ಹೇಳು, ನಾನು ಮಾಡ್ತೀನಿ," ಎಂದರು ನನ್ನ ಗಂಡ. ಎಣ್ಣೆ ಚೆಲ್ಲಿದವರು ಅವರೇ ಆದ್ದರಿಂದ ಬೇಡ ಅನ್ನಲೂ ಮನಸ್ಸಾಗಲಿಲ್ಲ.

ಮೂವತ್ತು ವರ್ಷ ಹಿಟ್ಟು ನಾದಿದ ಕೈಗಳಿಂದ ಗಿಡ ನೆಡಿಸುವ ಕಷ್ಟ ಯಾರಿಗೂ ಬೇಡ. ಮೊದಲ ದಿನ ಬರೀ ಕುಂಡಗಳಿಗೆ ಮರಳು ಮಿಶ್ರಣ ತುಂಬಿಸುವುದರಲ್ಲೇ ನನ್ನ ಗಂಟಲು ಬಿದ್ದುಹೋಯಿತು. ಒತ್ತಬೇಡಿ ಅಂದರೆ ಒತ್ತುತ್ತಾರೆ, ತಟ್ಟಬೇಡಿ ಅಂದರೆ ತಟ್ಟುತ್ತಾರೆ, ಕುಂಡದ ಅಂಚನ್ನು ಹೆಬ್ಬೆರಳಿನಿಂದ ಕೇಕಿನ ಅಂಚಿನ ಹಾಗೆ ಸವರುತ್ತಾರೆ. ಮಧ್ಯದಲ್ಲಿ ನನ್ನ ತಗಡಿನ ಡಬ್ಬಿ ತೆರೆದು ಮೂಗು ಒಳಗಿಟ್ಟರು.

"ಇದೇನು ಇದು, ಅಣಬೆ ವಾಸನೆ? ಯಾಕೆ ಇಟ್ಟಿದ್ದೀಯ?"

"ಹಳೇ ಮಣ್ಣು. ನಾಳೆ ಗಿಡಕ್ಕೆ ಒಂದೊಂದು ಹಿಡಿ ಹಾಕ್ಬೇಕು."

"ಯಾಕೆ?"

"ಕೇಳ್ಬೇಡಿ, ಹಾಕಿ."

ಸ್ವಲ್ಪ ಹೊತ್ತಿಗೆ ಮತ್ತೆ, "ಅಲ್ಲ, ಹೊಸ ಮಣ್ಣೇ ಇದೆಯಲ್ಲ, ಹಳೇದು ಯಾಕೆ ಅಂತ?" ಕೈ ಪ್ಲಾಸ್ಟರಿನೊಳಗೆ ತುರಿಸುತ್ತಿತ್ತು, ಬಿಸಿಲು ನೆತ್ತಿಗೆ ಬಂದಿತ್ತು. "ನಮ್ಮಪ್ಪ ಹಾಕ್ತಿದ್ರು, ಅದಕ್ಕೆ," ಎಂದೆ. ಮಧ್ಯಾಹ್ನ ಮೂರನೆಯ ಸಲ, "ಇದರಲ್ಲಿ ಪುಟ್ಟ ಪುಟ್ಟ ಹುಳ ಓಡಾಡ್ತಿದಾವೆ ಕಣೆ, ಪರವಾಗಿಲ್ವಾ?" ಎಂದರು. ನಾನು ಇನ್ನೂ ತುಂಬದ ಕುಂಡಗಳ ಕಡೆ ಬೆರಳು ತೋರಿಸಿದೆ. ಸಂಜೆ ಟೇಪಣ್ಣನ ಫೋನು ಬಂತು, ಗಿಡದಿಂದ ಗಿಡಕ್ಕೆ ಎಷ್ಟು ಅಂತರ ಎಂಬ ಒಂದೇ ವಿಷಯವನ್ನು ಅವರು ಅರ್ಧ ಗಂಟೆ ಕೊರೆದರು. ನಡುವೆ ನನ್ನ ಗಂಡ ಡಬ್ಬಿಯನ್ನು ಅವುಚಿಕೊಂಡು ಬಾಗಿಲಲ್ಲಿ ನಿಂತು ಏನೋ ಗೊಣಗಿದರು. ನಾನು ಎಡಗೈ ಬೀಸಿ ಅವರನ್ನು ಸಾಗಹಾಕಿದೆ. ಮರುದಿನ ಅವರು ಇನ್ನೂರನಲವತ್ತು ಗಿಡವನ್ನೂ ಇಳಿಸಿದರು, ಒಂದೊಂದಕ್ಕೂ ಅಳೆದಂತೆ ಒಂದೊಂದು ಹಿಡಿ. ನಾನು ಅಷ್ಟು ದೂರದಲ್ಲಿ ಕುರ್ಚಿಯಲ್ಲಿ ಕೂತು, ಪರವಾಗಿಲ್ಲ ಚೆನ್ನಾಗೇ ಮಾಡಿದರು ಎಂದು ಒಳಗೊಳಗೇ ಮೆಚ್ಚಿಕೊಂಡೆ.

ಗಿಡಗಳು ಅಲ್ಲಿಗೇ ನಿಂತವು. ಸಾಯಲಿಲ್ಲ, ಬೆಳೆಯಲೂ ಇಲ್ಲ. ಒಂದು ತಿಂಗಳಿಗೆ ಎಲೆಗಳ ಅಂಚು ಕಂದಿತು. ಎರಡು ತಿಂಗಳಿಗೆ ಇಡೀ ಸಾಲು ತುಕ್ಕಿನ ಬಣ್ಣಕ್ಕೆ ತಿರುಗಿತು. ನಾನು ಜಪ್ಪಯ್ಯ ಅಂದರೂ ಒಂದು ಚಿಗುರು ಹೊರಡಲಿಲ್ಲ.

ಬೈಯಲು ನನಗೆ ಇದ್ದವರು ಒಬ್ಬರೇ. ನೀವು ಗಡುಸು ನೀರು ಹಾಕಿದ್ದೀರಿ ಎಂದೆ. ಇಲ್ಲ, ಮಳೆನೀರಿನ ಪೀಪಾಯಿಯದೇ ಎಂದರು. ಹಾಗಾದರೆ ಜಾಸ್ತಿ ಹಾಕಿದ್ದೀರಿ ಎಂದೆ. ನೀನೇ ಲೋಟ ಕೊಟ್ಟಿದ್ದೀಯಲ್ಲ ಎಂದರು. ಬೇರು ಒತ್ತಿ ಸಾಯಿಸಿದ್ದೀರಿ, ನಿಮ್ಮ ಒಲೆಯ ಹೊಗೆ ತಾಗಿದೆ, ನಿಮ್ಮ ಮೈಯ ಹಿಟ್ಟು ಉದುರಿ ಎಲೆಯ ಉಸಿರು ಕಟ್ಟಿದೆ. ನೆನಪಾದದ್ದನ್ನೆಲ್ಲ ಅವರ ತಲೆಗೆ ಕಟ್ಟಿದೆ. ಅವರು ಮುಖ ಸಣ್ಣದು ಮಾಡಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಮೈಗೆ ಹಿಟ್ಟು ಮೆತ್ತಿದ್ದರೆ ಹಿತ್ತಲಿಗೇ ಬರುವುದನ್ನು ಬಿಟ್ಟರು. ಅದನ್ನು ನೋಡಿ ಇನ್ನೂ ಮೈ ಉರಿಯಿತು.

ಟೇಪಣ್ಣ ಬರಲು ಐದು ವಾರ ಉಳಿದಿದ್ದಾಗ, ಒಂದು ಬೆಳಗ್ಗೆ ಬೇಕರಿಯ ಕಿಟಕಿ ಒರೆಸಲು ಹೋದೆ. ಪ್ಲಾಸ್ಟರು ತೆಗೆದಿದ್ದರು, ಕೈಯಲ್ಲಿ ಇನ್ನೂ ಬಲವಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ, ಬಿಸ್ಕತ್ತಿನ ಡಬ್ಬಗಳ ಹಿಂದೆ, ಹಿಡಿ ಮುರಿದ ಒಂದು ಲೋಟ. ಅದರಲ್ಲಿ ಒಂದು ನೆಲಗಂಟೆ. ಕಡುಹಸಿರು, ಅಂಗೈಯಗಲ ಹರಡಿದೆ, ತುದಿಗಳಲ್ಲಿ ಎಳೆಕೆಂಪು ಚಿಗುರು.

"ಅತ್ತೇ! ಇದು ಯಾರದ್ದು?"

ಅತ್ತೆ ಅಡುಗೆಮನೆಯಿಂದ ನಿಧಾನವಾಗಿ ಬಂದರು. "ನಂದು. ನಿನ್ನ ಟ್ರೇಯಿಂದ ಒಂದು ಕಡ್ಡಿ ತಗೊಂಡೆ. ಕೇಳಿದ್ರೆ ನೀನು ಕೊಡ್ತಿದ್ಯಾ?"

"ಏನು ಹಾಕಿ ಬೆಳೆಸಿದ್ರಿ?"

"ಏನು ಹಾಕ್ತಾರೆ? ನಿನ್ನ ಪೀಪಾಯಿ ನೀರು. ನಿನ್ನ ಡಬ್ಬಿ ಮಣ್ಣು."

"ಡಬ್ಬಿ ಮಣ್ಣು ಅವಕ್ಕೂ ಹಾಕಿದ್ವಲ್ಲ."

"ಅದು ಬೇಯಿಸಿದ್ದು. ನಾನು ತಗೊಂಡಿದ್ದು ಅವನು ಬೇಯಿಸೋಕೆ ಮುಂಚೆ."

"ಏನು ಬೇಯಿಸೋಕೆ ಮುಂಚೆ?"

ಅತ್ತೆ ಗಲ್ಲದಿಂದಲೇ ಒಲೆಯ ಕಡೆ ತೋರಿಸಿದರು. ನನ್ನ ಗಂಡ ಅಲ್ಲಿ ತಟ್ಟೆಗಳನ್ನು ಹೊರಗೆ ಎಳೆಯುತ್ತಿದ್ದರು. ಅವರ ಮುಖದಲ್ಲಿ ತಪ್ಪು ಮಾಡಿದವರ ಕಳೆ ಒಂದಿಷ್ಟೂ ಇರಲಿಲ್ಲ. ಕೊನೆಗೂ ತಮ್ಮ ಒಳ್ಳೆಯ ಕೆಲಸವೊಂದು ಬೆಳಕಿಗೆ ಬಂತು ಎಂಬ ಸಂತೋಷವಿತ್ತು.

"ಹೌದು ಕಣೆ. ಅವತ್ತು ಸಂಜೆ ಬ್ರೆಡ್ ಎಲ್ಲ ತೆಗೆದ ಮೇಲೆ ಒಲೆ ಇನ್ನೂ ಬಿಸಿಯಿತ್ತು. ಆ ಮಣ್ಣನ್ನ ಎಂಟು ತಟ್ಟೇಲಿ ಹರಡಿ ಒಂದೂವರೆ ಗಂಟೆ ಇಟ್ಟೆ. ಒಂದು ಹುಳ ಉಳೀಲಿಲ್ಲ. ಆ ಕೆಟ್ಟ ವಾಸನೆನೂ ಹೋಯ್ತು."

ನನಗೆ ಮೊದಲು ನಗು ಬಂತು. ಮೂರು ವರ್ಷ ಹಿಡಿಹಿಡಿಯಾಗಿ ಕೂಡಿಟ್ಟ ಮಣ್ಣನ್ನು ಈ ಮಹಾನುಭಾವರು ರಸ್ಕಿನ ಹಾಗೆ ಹುರಿದು, ಹೆಣದಂಥ ಬೂದಿಯನ್ನು ನನ್ನ ಕಣ್ಣೆದುರೇ ಇನ್ನೂರನಲವತ್ತು ಗಿಡಗಳ ಬುಡಕ್ಕೆ ಅಳೆದು ಅಳೆದು ಹಾಕಿದ್ದರು. ಆಮೇಲೆ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಬ್ರೆಡ್ಡಿಗೆ ಬಂದಿದ್ದ ಇಬ್ಬರು ಗಿರಾಕಿಗಳು ಬ್ರೆಡ್ಡು ಬಿಟ್ಟು ಹೊರಟುಹೋದರು.

"ಅದರಲ್ಲಿ ಜೀವ ಇತ್ತು ಕಣ್ರೀ! ಆ ವಾಸನೆನೇ ಅದರ ಜೀವ!"

ಅವರು ಇನ್ನೂ ತಟ್ಟೆ ಹಿಡಿದೇ ನಿಂತಿದ್ದರು. ಅತ್ತೆ ಮಗನನ್ನು ಮೇಲಿನಿಂದ ಕೆಳಗೆ ನೋಡಿ, "ನನ್ನ ಜಾಡಿನೂ ಇದೆ, ಒಲೆ ಬಿಸಿಯಿದ್ರೆ ಅದನ್ನೂ ಒಂದು ಗಳಿಗೆ ಇಟ್ಬಿಡು," ಎಂದರು.

ಆಗ ಅವರಿಗೆ ಅರ್ಥವಾಯಿತು. ತಟ್ಟೆಯನ್ನು ಕೆಳಗಿಟ್ಟು, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತರು. "ಅಯ್ಯೋ," ಎಂದರು.

ದಾರಿ ಒಂದೇ ಇತ್ತು. ಜೀವವಿರುವ ಮಣ್ಣು ಉಳಿದಿದ್ದುದು ಎರಡೇ ಕಡೆ. ಅತ್ತೆಯ ಲೋಟದಲ್ಲಿ ಇದ್ದದ್ದು ನಾಲ್ಕು ಗಿಡಕ್ಕೂ ಸಾಲದು. ಇನ್ನೊಂದು ಅಪ್ಪನ ತೊಟ್ಟಿ, ತಾಯಿಗಿಡದ ಬುಡ. ಅಂಚಿನ ಮಣ್ಣನ್ನು ಮೂರು ವರ್ಷದಿಂದ ಕೆರೆದಾಗಿತ್ತು. ಇನ್ನು ತೆಗೆಯಬೇಕೆಂದರೆ ಬೇರಿನ ಅಡಿಗೇ ಕೈಹಾಕಬೇಕು, ಅದೂ ಬೇಸಿಗೆಯ ಕೊನೆಯ ಸುಡು ಬಿಸಿಲಿನಲ್ಲಿ. ಚಳಿಯವರೆಗೆ ಕಾದಿದ್ದರೆ ಗಿಡ ನಿದ್ದೆಯಲ್ಲಿರುತ್ತಿತ್ತು, ಅಷ್ಟಾಗಿ ನೋಯುತ್ತಿರಲಿಲ್ಲ. ಆದರೆ ಈಗ ಹಾಕಿದರೆ ಐದು ವಾರದಲ್ಲಿ ಒಂದಿಷ್ಟಾದರೂ ಹಸಿರು ಬರಬಹುದು, ತಡಮಾಡಿದರೆ ಬೆಟ್ಟಕ್ಕೆ ಚಾಪೆ ಹುಲ್ಲು. ಎರಡು ದಿನ ತೊಟ್ಟಿಯ ಸುತ್ತ ತಿರುಗಿದೆ. ಮೂರನೆಯ ದಿನ ಬೆಳಗ್ಗೆ, ತೆಗೆಯೋಣ ಎಂದೆ.

ನನ್ನ ಕೈಗೆ ಬಲವಿಲ್ಲದ್ದರಿಂದ ಅದನ್ನೂ ಅವರೇ ಮಾಡಬೇಕಾಯಿತು. ಹಿಟ್ಟು ಕತ್ತರಿಸುವ ತಗಡನ್ನು ತೊಳೆದು ತಂದರು. ಈ ಸಲ ಅವರ ಕೈ ನೋಡಿ ನಾನೇ ಬೆರಗಾದೆ. ತಗಡನ್ನು ಬೇರಿನ ಅಡಿಗೆ ಎಷ್ಟು ಹಗುರವಾಗಿ ಜಾರಿಸಿದರೆಂದರೆ ಮೇಲೆ ಒಂದು ಎಲೆ ಅಲುಗಲಿಲ್ಲ. ಬುಟ್ಟಿಗೆ ಕಪ್ಪು ಮಣ್ಣು ಬಿತ್ತು, ಅಣಬೆಯ ವಾಸನೆ ಎದ್ದಿತು. ಎರಡು ಬುಟ್ಟಿ ತುಂಬಿದ ಮೇಲೆ ಕೈ ನಿಲ್ಲಿಸಿದರು.

"ಅರ್ಧ ಆಯ್ತು. ಸಾಕು. ಅಮ್ಮ ಜಾಡೀಲಿ ಯಾವತ್ತೂ ಅರ್ಧಕ್ಕಿಂತ ಜಾಸ್ತಿ ತೆಗಿಯಲ್ಲ."

"ಇನ್ನೂರನಲವತ್ತಕ್ಕೆ ಇದು ಎಲ್ಲಿ ಸಾಲುತ್ತೆ? ಇನ್ನೊಂದು ಬುಟ್ಟಿ ತೆಗೀರಿ."

"ಬೇಡ ಕಣೆ. ಅರ್ಧರ್ಧ ಹಿಡಿ ಹಾಕೋಣ."

"ನಿಮಗೇನು ಗೊತ್ತು? ತೆಗೀರಿ ಅಂದ್ರೆ ತೆಗೀರಿ."

ಅವರು ಒಂದು ಸಲ ನನ್ನನ್ನು ನೋಡಿದರು. ಮಣ್ಣನ್ನು ಹುರಿದವರಿಗೆ ವಾದ ಮಾಡುವ ಹಕ್ಕೆಲ್ಲಿ? ಮೂರನೆಯ ಬುಟ್ಟಿಯನ್ನೂ ತುಂಬಿಸಿಕೊಟ್ಟರು.

ಅದಾಗಿ ಐದನೆಯ ದಿನ ಟೇಪಣ್ಣನ ಕಾಗದ ಬಂತು. ಇಳಿಜಾರಿನ ಕೆಳಗಿನ ತಡೆಗೋಡೆ ಬಿರುಕು ಬಿಟ್ಟಿರುವುದರಿಂದ, ಗಿಡ ನೆಡುವ ಕೆಲಸವನ್ನು ಮುಂದಿನ ವಸಂತಕ್ಕೆ ಮುಂದೂಡಲಾಗಿದೆ, ಸಹಕರಿಸಬೇಕಾಗಿ ಕೋರಿದೆ.

ಮುಂದಿನ ವಸಂತಕ್ಕೆ. ಏಳು ತಿಂಗಳು. ನಾನು ಆ ಕಾಗದವನ್ನು ನಿಂತು ಓದಿದೆ, ಕೂತು ಓದಿದೆ, ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಆಮೇಲೆ ಬೇಕರಿಗೆ ಹೋಗಿ ನನ್ನ ಗಂಡನ ಕೈಗಿಟ್ಟು, "ಏನಾದ್ರೂ ಬೇಯಿಸಲೇಬೇಕು ಅಂತಿದ್ರೆ ಇದನ್ನ ಬೇಯಿಸಿ," ಎಂದೆ. ಅವರು ಕ್ಷಣವೂ ಯೋಚಿಸದೆ ಅದನ್ನು ಒಲೆಗೆ ಹಾಕಿದರು. ಟೇಪಣ್ಣನಿಗೆ ಫೋನು ಮಾಡಿ ಬೈಯೋಣ ಎಂದರೆ, ಅವರು ತಮ್ಮ ಗೋಳನ್ನೇ ತೋಡಿಕೊಂಡರು. ಗೋಡೆ ಕಟ್ಟಿದವನು ಅಳತೆ ತಪ್ಪಿದ್ದನಂತೆ.

ಕುಂಡದ ಗಿಡಗಳು ನಿಧಾನವಾಗಿ ಹಸಿರಾದವು. ಮೊದಲು ಒಂದು ಸಾಲು, ಆಮೇಲೆ ಪಕ್ಕದ ಸಾಲು. ಚಳಿ ಬರುವಷ್ಟರಲ್ಲಿ ಇನ್ನೂರಹದಿನಾರು ಗಿಡಗಳಲ್ಲಿ ಚಿಗುರಿತ್ತು. ತಾಯಿಗಿಡ ಅದಕ್ಕೆ ವಿರುದ್ಧ ದಾರಿ ಹಿಡಿಯಿತು. ಮೊದಲು ನಡುವೆ ಒಂದು ಕಂದು ಮಚ್ಚೆ ಕಾಣಿಸಿತು. ನೆರಳು ಕಟ್ಟಿದೆ, ಮಳೆನೀರನ್ನು ತುಂತುರಾಗಿ ಚಿಮುಕಿಸಿದೆ, ಕುಂಡಗಳಿಂದ ಒಂದಿಷ್ಟು ಮಣ್ಣನ್ನು ವಾಪಸು ತಂದು ಬುಡಕ್ಕೆ ತುಂಬಿದೆ. ಎಬ್ಬಿಸಿದ ಮೇಲೆ ಮಲಗಿಸಲು ಬರುವ ಗಿಡವಲ್ಲ ಅದು. ನಡು ಚಳಿಗಾಲದ ಒಂದು ಮಧ್ಯಾಹ್ನ ಕಾಂಡವನ್ನು ಉಗುರಿನಿಂದ ಗೀರಿ ನೋಡಿದೆ. ತುದಿಯಿಂದ ಬುಡದವರೆಗೆ ಎಲ್ಲಿ ಗೀರಿದರೂ ಕಂದು.

ಅಪ್ಪ ತೀರಿಹೋದ ಮೇಲೆ ಅವರು ಆ ತೊಟ್ಟಿಯಲ್ಲೇ ಇದ್ದಾರೆಂದು ನಾನು ನಂಬಿಕೊಂಡಿದ್ದೆ. ಅದು ಅವಿವೇಕ ಎಂದು ನನಗೂ ಗೊತ್ತು. ಆದರೂ ಅವತ್ತು ಅಪ್ಪ ಎರಡನೆಯ ಸಲ ಸತ್ತರು, ಈ ಸಲ ನನ್ನ ಕೈಯಿಂದ. ಮೂರನೆಯ ಬುಟ್ಟಿ ಯಾರದ್ದು ಎಂದು ನನಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

ಯಾರೂ ನೆನಪಿಸಲೂ ಇಲ್ಲ, ಅದೇ ನನಗೆ ತಡೆಯಲಾಗದ್ದು. ನನ್ನ ಗಂಡ ಒಂದು ಮಾತು ಆಡಬಹುದಿತ್ತು. ನಾನು ಸಾಕು ಅಂದಿದ್ದೆ ಅನ್ನಬಹುದಿತ್ತು. ಅದಕ್ಕೂ ಮುಂಚೆ, ನಾನು ಯಾಕೆ ಯಾಕೆ ಅಂತ ಬಡಕೊಂಡೆ, ನೀನು ಹೇಳಲಿಲ್ಲ ಅನ್ನಬಹುದಿತ್ತು. ನಾನು ಅದಕ್ಕೆ ಉತ್ತರವನ್ನೂ ಸಿದ್ಧಮಾಡಿಕೊಂಡು, ಜಗಳಕ್ಕೆ ಸೆರಗು ಬಿಗಿದು ಕಾದೆ. ಅವರು ಮಾತ್ರ ಬೆಳಗ್ಗೆ ಬ್ರೆಡ್ಡಿನ ಮೊದಲ ತುಂಡನ್ನು ನನ್ನ ತಟ್ಟೆಗೆ ಹಾಕಿ, "ಕೈ ನೋವು ಹೇಗಿದೆ?" ಎಂದು ಕೇಳಿ ಹೋಗುತ್ತಿದ್ದರು. ಇಂಥ ಒಳ್ಳೆಯತನದ ಜೊತೆ ಸಂಸಾರ ಮಾಡುವ ಕಷ್ಟ ಪಟ್ಟವರಿಗೇ ಗೊತ್ತು. ಅತ್ತೆಗೆ ಹೇಳಿಕೊಂಡರೆ, "ಅವನ ಅಪ್ಪನೂ ಹಾಗೇ, ಬೈದ್ರೆ ವಾಪಸು ಬೈಯೋಕೆ ಬರ್ತಿರ್ಲಿಲ್ಲ. ಅರ್ಧ ಆಯಸ್ಸು ನನಗೆ ಅದೇ ಕೊರಗು," ಎಂದರು.

ವಸಂತದಲ್ಲಿ ಟೇಪಣ್ಣ ಮಾತಿನಂತೆ ವ್ಯಾನು ಕಳಿಸಿದರು. ಇನ್ನೂರಹದಿನಾರು ಗಿಡ, ನಾನು, ನನ್ನ ಗಂಡ. ಸತ್ತ ತಾಯಿಗಿಡದ ತೊಟ್ಟಿಯಲ್ಲಿ ಉಳಿದಿದ್ದ ಮಣ್ಣನ್ನೆಲ್ಲ ಬುಟ್ಟಿಗಳಿಗೆ ತುಂಬಿ ತಂದಿದ್ದೆವು. ಗಿಡ ಸತ್ತರೂ ಮಣ್ಣಿನ ವಾಸನೆ ಇನ್ನೂ ಹಾಗೆಯೇ ಇತ್ತು. ಅತ್ತೆ ಮುರುಕು ಲೋಟದ ತಮ್ಮ ಗಿಡವನ್ನು ಜಪ್ಪಯ್ಯ ಅಂದರೂ ಕೊಡಲಿಲ್ಲ. "ಒಂದಾದ್ರೂ ಮನೇಲಿರ್ಲಿ. ನೀವಿಬ್ರೂ ಸೇರಿ ಅಲ್ಲಿ ಏನು ಮಾಡ್ತೀರೋ ಯಾರಿಗೆ ಗೊತ್ತು," ಎಂದರು.

ನೆತ್ತಿಯಲ್ಲಿ ಗಾಳಿ ಕಿವಿ ಹರಿಯುವಂತೆ ಬೀಸುತ್ತಿತ್ತು. ಇಳಿಜಾರಿನಲ್ಲಿ ನಾಲ್ಕು ಜನ ಕೆಲಸದವರು ಗುಣಿ ತೋಡಿಟ್ಟಿದ್ದರು. ಟೇಪಣ್ಣ ಗುಣಿಯಿಂದ ಗುಣಿಗೆ ಪಟ್ಟಿ ಹಿಡಿಯುತ್ತಾ, ಒಂದು ಬೆರಳಗಲ ಹೆಚ್ಚು ಕಡಿಮೆಯಾದರೂ ಮುಚ್ಚಿಸಿ ಮತ್ತೆ ತೋಡಿಸುತ್ತಾ ಎಲ್ಲರ ಪ್ರಾಣ ಹಿಂಡುತ್ತಿದ್ದರು. ನಾನು ಗಿಡ ಇಳಿಸಿದೆ, ನನ್ನ ಗಂಡ ಬುಟ್ಟಿ ಹಿಡಿದು ಪಕ್ಕದಲ್ಲೇ ಮಂಡಿಯೂರಿದರು. ಕಲ್ಲು ಜೋಡಿಸುತ್ತಿದ್ದ ಒಬ್ಬ ಹೆಂಗಸು ಮೊದಲ ಗುಣಿಯಲ್ಲಿ ಇಣುಕಿ, "ಈ ಕಪ್ಪು ಮಣ್ಣು ಯಾಕಮ್ಮ? ಗುಣೀಲಿ ಮಣ್ಣಿದೆಯಲ್ಲ?" ಎಂದಳು.

ಕೇಳ್ಬೇಡಿ, ಹಾಕಿ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ನನ್ನ ಗಂಡ ತಲೆ ತಗ್ಗಿಸಿಕೊಂಡು, ಬುಟ್ಟಿಯೊಳಗಿನ ಒಂದು ಹೆಂಟೆಯನ್ನು ಪುಡಿಮಾಡುತ್ತಿದ್ದರು.

ಆಕೆಗೆ ಹೇಳಿದೆ. ಮಣ್ಣೊಳಗಿನ ಎಳೆ, ಬೇರಿನ ಬಡತನ, ಯಾರು ಯಾರಿಗೆ ಉಣಿಸುತ್ತಾರೆ, ಬಿಸಿ ತಾಗಿದರೆ ಏನಾಗುತ್ತದೆ, ಎಲ್ಲವನ್ನೂ. ಹೆಚ್ಚೆಂದರೆ ಐದು ನಿಮಿಷ ಹಿಡಿಯಿತು. ಆಕೆ ಹೌದಾ ಎಂದು ಬಾಯಿಯ ಮೇಲೆ ಬೆರಳಿಟ್ಟುಕೊಂಡಳು. ಒಂದು ಹಿಡಿ ಮಣ್ಣನ್ನು ಮೂಸಿ ನೋಡಿ, ಎರಡೂ ಕೈಯಲ್ಲಿ ಹುಷಾರಾಗಿ ಹಿಡಿದುಕೊಂಡು ಮುಂದಿನ ಗುಣಿಗೆ ಹೋದಳು.

ಐದೇ ನಿಮಿಷ. ನನ್ನ ಕಣ್ಣಲ್ಲಿ ನೀರು ಬಂತು, ಗಾಳಿಯದೆಂದು ಒರೆಸಿಕೊಂಡೆ.

"ಅವತ್ತು ನೀವು ಮೂರು ಸಲ ಕೇಳಿದ್ರಿ," ಎಂದೆ ನನ್ನ ಗಂಡನಿಗೆ.

ಅವರು ಗುಣಿಗೆ ಮಣ್ಣು ಸುರಿದು, ಈ ಸಲ ಒತ್ತದೆ, ತಟ್ಟದೆ, ಬೆರಳ ತುದಿಯಿಂದ ಸರಿಮಾಡಿದರು.

"ನಾಲ್ಕು," ಎಂದರು ತಲೆ ಎತ್ತದೆ. "ನೀನು ಫೋನಲ್ಲಿದ್ದಾಗ ಡಬ್ಬಿ ಹಿಡ್ಕೊಂಡು ಬಂದು ಕೇಳಿದ್ದೆ, ಒಲೆಗೆ ಇಡ್ಲಾ ಅಂತ. ನೀನು ಹೋಗಿ ಹೋಗಿ ಅಂತ ಕೈ ಬೀಸ್ದೆ."

ಕೆಳಗಿನಿಂದ ಟೇಪಣ್ಣ ಕೂಗುತ್ತಿದ್ದರು, ಎರಡನೆಯ ಸಾಲು ಅರ್ಧ ಗೇಣು ಎಡಕ್ಕೆ ಹೋಗಿದೆಯಂತೆ. ನಾವಿಬ್ಬರೂ ಕೇಳಿಸಲಿಲ್ಲವೆಂಬಂತೆ ಮುಂದಿನ ಗುಣಿಗೆ ಸರಿದೆವು.